ಕರಿ ಟೀಶರ್ಟಿನ ಮಾಮ

ಮಲ್ಪೆಯೋ ಕಾಪುವೋ, ಬೀಚ್ ಉತ್ಸವದ ಶನಿವಾರ ಸಂಜೆ ಆರಕ್ಕೆ ಸ್ಟೇಜಿನ ಎದುರು ಹೋಗಿ ನೋಡಿ. ಕುರ್ಚಿಗಳೆಲ್ಲ ಖಾಲಿ. ಚುರುಮುರಿಯವನು ಇನ್ನೂ ಟೊಮೆಟೊ ಹೆಚ್ಚುತ್ತಿರುತ್ತಾನೆ. ಒಬ್ಬ ಹುಡುಗ ಮೈಕಿನಲ್ಲಿ ‘ಚೆಕ್, ಚೆಕ್’ ಎನ್ನುತ್ತಿರುತ್ತಾನೆ. ಅದನ್ನು ಕೈಕಟ್ಟಿ, ತಲೆ ತುಸು ಓರೆ ಮಾಡಿ, ಕಣ್ಣು ಮುಚ್ಚಿ ಕೇಳುವವರು ಒಬ್ಬರೇ. ಪ್ರಾಯ ಐವತ್ತರ ಆಚೀಚೆ. ಮೈಮೇಲೆ ಕರಿ ಟೀಶರ್ಟು. ಅದರ ಎದೆಯ ಮೇಲಿನ ಅಸ್ಥಿಪಂಜರ ಒಗೆದೊಗೆದು ಬಣ್ಣ ಕಳಕೊಂಡಿದ್ದರೂ, ಹೊಟ್ಟೆಯ ದೆಸೆಯಿಂದ ಈಚೆಗೆ ಚೆನ್ನಾಗಿ ಮೈತುಂಬಿಕೊಂಡಿದೆ.

ಇವರೇ ನಮ್ಮ ಕರಿ ಟೀಶರ್ಟಿನ ಮಾಮ. ಹೆಸರು ಹೇಳುವುದಿಲ್ಲ. ಹೇಳದಿದ್ದರೂ ಉಡುಪಿಯಿಂದ ಒಬ್ಬರು, ಕಾರ್ಕಳದಿಂದ ಒಬ್ಬರು ‘ನನ್ನ ಮೇಲೆ ಬರೆದದ್ದಲ್ವಾ?’ ಎಂದು ಸಿಟ್ಟಿನಲ್ಲಿ ಕೇಳುತ್ತಾರೆ. ಮಣಿಪಾಲದವರು ಹೆಸರು ಯಾಕೆ ಹಾಕಲಿಲ್ಲ ಎಂದು ಸಿಟ್ಟಾಗುತ್ತಾರೆ.

2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಮಾಮನ ಶಕೆ ಶುರುವಾಗುವುದು ಅಲ್ಲಿಂದ. ಮಗಳು ಹುಟ್ಟಿದ್ದು ಮೇಡನ್ ಆದ ಮರುವರ್ಷ. ಮನೆಯ ಹಂಚು ತೆಗೆದು ತಾರಸಿ ಹಾಕಿಸಿದ್ದು ಮೆಟಾಲಿಕಾ ಬಂದ ವರ್ಷ, ಅಂದರೆ 2011. ಆ ಸಲ ಗುರುಗ್ರಾಮದ ಕಾರ್ಯಕ್ರಮ ಗಲಾಟೆಯಲ್ಲಿ ರದ್ದಾಗಿ, ಎರಡು ದಿನ ಬಿಟ್ಟು ಅಕ್ಟೋಬರ್ 30ಕ್ಕೆ ಬೆಂಗಳೂರಿನಲ್ಲಿ ಸುಸೂತ್ರವಾಗಿ ನಡೆಯಿತು. ಅದನ್ನು ಹೇಳುವಾಗ ‘ನಾವು ನಡೆಸಿಕೊಟ್ಟೆವು’ ಎಂದೇ ಹೇಳುತ್ತಾರೆ. ಕೆಲಸ ಮಣಿಪಾಲದ ಸಿಂಡಿಕೇಟ್ ಬ್ಯಾಂಕಿನಲ್ಲಿತ್ತು. 2020ರ ಏಪ್ರಿಲ್ ಒಂದಕ್ಕೆ ಅದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ‘ಬ್ಯಾಂಡ್ ಒಡೆದದ್ದು ಎಷ್ಟೋ ಕಂಡಿದ್ದೇನೆ ಮಾರಾಯ್ರೆ, ಎರಡು ಕೂಡಿ ಒಂದಾದದ್ದು ಬ್ಯಾಂಕಿನಲ್ಲಿ ಮಾತ್ರ’ ಎಂಬ ಅವರ ನಗೆಮಾತಿಗೆ ಪಿಂಚಣಿದಾರರು ಮಾತ್ರ ನಗುವುದಿಲ್ಲ.

ಮಾಮ ಹಾಡು ಕೇಳಲಿಕ್ಕೆ ಬರುವವರಲ್ಲ, ಸೌಂಡು ಕೇಳಲಿಕ್ಕೆ ಬರುವವರು. ಮಿಕ್ಸರಿನ ಹಿಂದೆ ಕೂತ ಹುಡುಗನ ಪಕ್ಕ ಹೋಗಿ ನಿಲ್ಲುತ್ತಾರೆ.

“ತಮ್ಮ, ಬೇಸ್ ಹೆಚ್ಚಾಯ್ತು. ಸ್ವಲ್ಪ ಇಳಿಸು.”

“ನಮ್ಮದು ಇನ್ನೂ ಆನ್ ಮಾಡ್ಲೇ ಇಲ್ಲ ಅಣ್ಣ. ಅದು ಜನರೇಟರ್.”

“ಅದೇ ನಾನೂ ಹೇಳಿದ್ದು. ಜನರೇಟರಿನದ್ದು ಹೆಚ್ಚಾಯ್ತು.”

ಕಷ್ಟ ಏನೆಂದರೆ ಕೆಲವು ವಿಷಯದಲ್ಲಿ ಅವರು ಹೇಳುವುದು ಸರಿಯಾಗಿಯೇ ಇರುತ್ತದೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಕಡೆ ಕೈತೋರಿಸಿ ಗಾಳಿಯ ಪಾಠ ಶುರುಮಾಡುತ್ತಾರೆ: ಸಂಜೆ ಗಾಳಿ ಕಡಲಿನಿಂದ ದಡಕ್ಕೆ, ಸ್ಟೇಜು ಕಡಲಿಗೆ ಬೆನ್ನು ಹಾಕಿದ್ದರೆ ಶಬ್ದ ಗಾಳಿಯ ಜೊತೆಗೇ ಹೋಗಿ ಹಿಂದಿನ ಸಾಲಿಗೂ ಮುಟ್ಟುತ್ತದೆ. ರಾತ್ರಿ ಗಾಳಿ ತಿರುಗಿದರೆ ಅದೇ ಶಬ್ದ ಮೇಲಕ್ಕೆ ಬಾಗಿ, ಹಿಂದೆ ಕೂತವರ ತಲೆಯ ಮೇಲಿಂದ ಹಾದುಹೋಗುತ್ತದೆ. ಉಪ್ಪುಗಾಳಿಗೆ ಗಿಟಾರಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಎಲ್ಲ ನಿಜ. ಆದರೆ ಇಷ್ಟನ್ನೂ ಅವರು ಹೇಳುವುದು ಹಾಡು ನಡೆಯುತ್ತಿರುವಾಗ, ನಮ್ಮ ಕಿವಿಗೆ ಬಾಯಿಟ್ಟು. ಹಾಗಾಗಿ ಶಬ್ದ ಹಿಂದಿನ ಸಾಲಿಗೆ ಮುಟ್ಟಿತೋ ಇಲ್ಲವೋ, ಮುಂದಿನ ಸಾಲಿನಲ್ಲಿದ್ದ ನಮಗಂತೂ ಮುಟ್ಟುವುದಿಲ್ಲ.

ಇವರಿಗೆ ತಕ್ಕ ಜೋಡಿ ಇರುವುದು ಶಿರ್ವ, ಮೂಡುಬೆಳ್ಳೆ ಕಡೆಯ ಕ್ರೈಸ್ತ ಮದುವೆಗಳ ರಿಸೆಪ್ಷನ್ನಿನಲ್ಲಿ. ಕಂಟ್ರಿ ಹಾಡುಗಾರ ಜಿಮ್ ರೀವ್ಸ್ ವಿಮಾನ ಬಿದ್ದು ತೀರಿಕೊಂಡದ್ದು 1964ರಲ್ಲಿ. ಆ ಸುದ್ದಿ ಇಲ್ಲಿನ ಬ್ಯಾಂಡಿನವರಿಗೆ ಇನ್ನೂ ತಲುಪಿದಂತಿಲ್ಲ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡು ನಮ್ಮ ಗದ್ದೆಬದಿಯ ಸಭಾಭವನದಲ್ಲಿ ಮುಗಿದದ್ದೇ ಬೈಲಾ ಹಿಡಿಯುತ್ತದೆ, ಕಾರ್ಡ್ ಮಾತ್ರ ಹೆಚ್ಚುಕಡಿಮೆ ಅವೇ. ಊಟಕ್ಕೆಂದು ಹೋದ ನಮ್ಮ ಮಾಮ, ಹ್ಯಾಟಿಟ್ಟ ಹಿರಿಯರೊಬ್ಬರ ಪಕ್ಕ ಕೂತು ಬಾಯಿ ತೆರೆದರು.

“ಮೂರು ಕಾರ್ಡಿನ ಸಂಗೀತ ಅಂಕಲ್, ಇದರಲ್ಲಿ ಎಂತ ಉಂಟು?”

“ಹೌದು ಮಗಾ. ಮೂರೇ ಕಾರ್ಡಿನಲ್ಲಿ ನಮ್ಮ ಮಾಯ್ ಎದ್ದು ಕುಣಿಯುತ್ತಾರೆ ನೋಡು, ಮೊಣಗಂಟಿನ ಆಪರೇಷನ್ ಆದವರು. ನಿಮ್ಮವರು ಮೂವತ್ತು ಕಾರ್ಡ್ ಬಾರಿಸಿ ನಿಂತವರನ್ನೂ ಕೂರಿಸುತ್ತಾರೆ.”

ಮಾಮ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಶುರುವಾದ ಜಿಮ್ ರೀವ್ಸ್ ಹಾಡಿಗೆ ಅವರ ತುಟಿ ಪದ ತಪ್ಪದೆ ಅಲ್ಲಾಡುತ್ತಿತ್ತು.

ಕಾರ್ಕಳದಲ್ಲಿ 2022ರ ಮಾರ್ಚ್‌ನಲ್ಲಿ ದೊಡ್ಡ ಉತ್ಸವವಾಯಿತಲ್ಲ, ಆ ಗೌಜಿಯಲ್ಲೂ ಮಾಮ ಇದ್ದರು. ಬೆಟ್ಟದ ಮೇಲೆ 42 ಅಡಿಯ ಬಾಹುಬಲಿ 1432ರಿಂದ ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ನಿಂತಿದ್ದಾನೆ. ಬ್ಯಾಂಡ್ ಕೇಳುವಾಗ ಮಾಮ ಮುಟ್ಟಲು ನೋಡುವ ಎತ್ತರ ಅದು. ಸುತ್ತ ಎಲ್ಲರೂ ಕುಣಿಯುವಾಗ ಕುಣಿಯದೆ ಇರುವುದಕ್ಕೆ ತುಂಬ ಅಭ್ಯಾಸ ಬೇಕು.

ರಘು ದೀಕ್ಷಿತ್ ಥರದವರನ್ನು ಕಂಡರೆ ಇನ್ನೊಂದು ಸಂಕಟ. ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಶಿಶುನಾಳ ಶರೀಫರನ್ನು ಗಿಟಾರಿಗೆ ಹಾಡುತ್ತಾರೆ, ಮೈದಾನವಿಡೀ ಜೊತೆಗೆ ಹಾಡುತ್ತದೆ. ಮಾಮನ ಪ್ರಕಾರ ಪಂಚೆ ಉಟ್ಟರೆ ಅದು ರಾಕ್ ಅಲ್ಲ. ಮಾಮ ಪಂಚೆ ಬಿಟ್ಟದ್ದೇ ರಾಕ್‌ಗಾಗಿ. ಎಂಬತ್ತರ ದಶಕದಲ್ಲಿ ಮಣಿಪಾಲದ ಹಾಸ್ಟೆಲ್ ಹುಡುಗರ ಕೈಯಿಂದ ಕ್ಯಾಸೆಟ್ ಕಡ ತಂದು ಕೇಳುವಾಗ, ಮನೆಯಲ್ಲಿ ಅಪ್ಪಯ್ಯ ‘ಆ ಬೊಬ್ಬೆ ನಿಲ್ಲಿಸು’ ಎಂದು ಗದರಿದ್ದರಂತೆ. ಗದರಿದ ಮೇಲೆ ತಾವು ರಾತ್ರಿಯಿಡೀ ಚೆಂಡೆ ಕೇಳಲು ಬಯಲಾಟಕ್ಕೆ ಹೊರಟರಂತೆ.

ಆ ಅಪ್ಪಯ್ಯನನ್ನು ನಾನು ಕಂಡಿದ್ದೇನೆ. ರಂಗಸ್ಥಳದ ಎದುರು ಮೊದಲ ಸಾಲು, ಕೈಕಟ್ಟಿ, ತಲೆ ತುಸು ಓರೆ. ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡ ಮೇಲೆ ಬಂದ ಯಾವ ಭಾಗವತರ ಪದವೂ ಅವರ ಕಿವಿಗೆ ಹಿತವಾಗಲಿಲ್ಲ. ಆಟ ನಡೆಯುವಾಗಲೇ ಪಕ್ಕದವರ ಕಿವಿಗೆ ಬಾಯಿಟ್ಟು, ‘ನಾವಡರದ್ದು ಕೇಳಬೇಕಿತ್ತು ನೀವು’ ಎನ್ನುತ್ತಿದ್ದರು. ಪಿಂಕ್ ಫ್ಲಾಯ್ಡ್‌ನ ‘ಮನಿ’ ಏಳು ಪೆಟ್ಟಿನ ಲೆಕ್ಕದಲ್ಲಿದೆ ಎಂದು ಮಾಮ ಇವತ್ತಿಗೂ ಹುಬ್ಬೇರಿಸಿ ವಿವರಿಸುತ್ತಾರೆ. ಅಪ್ಪಯ್ಯ ತ್ರಿವುಡೆ ತಾಳದ ಅದೇ ಏಳನ್ನು ತೊಡೆಯ ಮೇಲೆ ತಟ್ಟುತ್ತ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಇದನ್ನು ಮಾಮನಿಗೆ ಒಮ್ಮೆ ಹೇಳಿದೆ. “ಅಪ್ಪಯ್ಯನಿಗೆ ಸೌಂಡ್ ಸೆನ್ಸ್ ಇರಲಿಲ್ಲ ಮಾರಾಯ್ರೆ” ಎಂದರು.

ಮೊನ್ನೆ ಬೀಚಿನಲ್ಲಿ ರಾತ್ರಿ ಹತ್ತು ಹತ್ತಿರವಾಯಿತು. ಹತ್ತರ ಮೇಲೆ ಧ್ವನಿವರ್ಧಕ ಕೂಡದು. ಈ ನಿಯಮದಿಂದ ಬೆಳತನಕದ ಎಷ್ಟೋ ಆಟಗಳೇ ಕಾಲಮಿತಿಗೆ ಇಳಿದಿವೆ, ಇನ್ನು ಬ್ಯಾಂಡ್ ಯಾವ ಲೆಕ್ಕ. ಹಾಡುವವಳು ‘ಲಾಸ್ಟ್ ಸಾಂಗ್’ ಎಂದಳು. ಮಾಮ ಕೈಯೆರಡೂ ಮೇಲೆತ್ತಿ ಮೇಡನ್‌ನ ಹಾಡೊಂದನ್ನು ಕೂಗಿ ಕೇಳಿದರು. ಆಕೆಗೆ ಕೇಳಿಸಲಿಲ್ಲ, ಆಗ ಗಾಳಿ ತಿರುಗಿತ್ತು. ಅಷ್ಟರಲ್ಲಿ ನಿರೂಪಕರು ಮೈಕ್ ಕಸಿದುಕೊಂಡು, ಕೆಎ 20ರ ಬಿಳಿ ಕಾರೊಂದು ಆಂಬುಲೆನ್ಸ್ ದಾರಿಗೆ ಅಡ್ಡ ನಿಂತಿದೆ, ವಾರಸುದಾರರು ಕೂಡಲೇ ತೆಗೆಯಬೇಕು ಎಂದರು. ಮಾಮ ಬೀಗದ ಕೈ ಹುಡುಕುತ್ತ ಜನರ ನಡುವಿನಿಂದ ಓಡಿದಾಗ ಬಿದ್ದಷ್ಟು ಸಿಳ್ಳೆ, ಚಪ್ಪಾಳೆ ಆ ರಾತ್ರಿ ಬ್ಯಾಂಡಿಗೂ ಬಿದ್ದಿರಲಿಲ್ಲ.

ಸೋಮವಾರ ಬ್ಯಾಂಕಿಗೆ ಹೋದೆ. ಮಾಮ ಪಕ್ಕದ ಕೌಂಟರಿನವರಿಗೆ ಹೇಳುತ್ತಿದ್ದರು: “ಬ್ಯಾಂಡ್ ಅಷ್ಟಕ್ಕಷ್ಟೆ. ಆದರೆ ಕೊನೆಗೆ ಸ್ಟೇಜಿನಿಂದ ನನಗೆ ಅಂತಲೇ ಒಂದು ಅನೌನ್ಸ್‌ಮೆಂಟ್ ಇತ್ತು ಮಾರಾಯ್ರೆ. ಆಗ ಮಾತ್ರ ಸೌಂಡ್ ಕ್ಲಿಯರ್ ಇತ್ತು.”