ಗೊಟ್ಟಂಗೊಟ್ಟ ಸಮುದ್ರದರ್ಶನ ಮೀಮಾಂಸೆ

ಗಿರಿಶಿಖರವನ್ನೇರಿ ಸಮುದ್ರವನ್ನು ಕಾಣುವ ಸುಕೃತವು ಕರಾವಳಿ ಮಲೆನಾಡುಗಳವರಿಗೆ ಮಾತ್ರ ವಿಹಿತವಾದುದೆಂದೂ, ಕೊಡಚಾದ್ರಿಯ 1343 ಮೀಟರನ್ನು ಏದುಸಿರುಬಿಡುತ್ತ ಹತ್ತಿ, ಮೋಡವು ಕೃಪೆಮಾಡಿದ ದಿನ ಪಡುವಣದಂಚಿನಲ್ಲಿ ಬೆಳ್ಳನೆಯ ಗೆರೆಯೊಂದನ್ನು ಕಂಡು ಇಳಿದುಬಂದವರೇ ಧನ್ಯರೆಂದೂ, ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಿವಾಸಿಗಳು ಈ ವಿಷಯದಲ್ಲಿ ಜನ್ಮತಃ ಅನಧಿಕಾರಿಗಳೆಂದೂ ಪ್ರಚಲಿತವಾಗಿರುವ ಮತವನ್ನು ಖಂಡಿಸಿ, ಚಿಂಚೋಳಿ ತಾಲ್ಲೂಕಿನ ಗೊಟ್ಟಂಗೊಟ್ಟದ ಗುಡ್ಡವೇ ಈ ನಾಡಿನ ಆದ್ಯ ಕಡಲನೋಟವೆಂದು ಸ್ಥಾಪಿಸುವುದು ಪ್ರಕೃತ ಪ್ರಬಂಧದ ಉದ್ದೇಶವಾಗಿದೆ.

ಪೂರ್ವಪಕ್ಷಿಯು ಭೂಪಟವನ್ನು ಹರಡಿಕೊಂಡು ಹೀಗೆನ್ನುವನು: ಚಿಂಚೋಳಿಯಿಂದ ಮೂಡಣಕ್ಕೆ ಹೊರಟರೂ ಪಡುವಣಕ್ಕೆ ಹೊರಟರೂ, ಹಕ್ಕಿಯ ಹಾದಿಯಲ್ಲಿಯೇ 350 ಕಿಲೋಮೀಟರು ಕಳೆಯುವವರೆಗೆ ಉಪ್ಪುನೀರಿನ ದರ್ಶನವಿಲ್ಲವಾದುದರಿಂದ, ಇಲ್ಲಿ ಸಮುದ್ರವಿಲ್ಲ. ಈ ವಾದದಲ್ಲಿ ದೇಶವಿಚಾರವುಂಟೇ ಹೊರತು ಕಾಲವಿಚಾರವಿಲ್ಲ. ಸಮುದ್ರವು ಇಲ್ಲವೆಂಬುದು ಬೇರೆ, ಹೊರಗೆ ಹೋಗಿದೆಯೆಂಬುದು ಬೇರೆ. ಯಜಮಾನನು ಸಂತೆಗೆ ಹೋದ ಮಾತ್ರಕ್ಕೆ ಮನೆಗೆ ದಿಕ್ಕಿಲ್ಲವೆಂದು ಯಾವ ಶಾನುಭೋಗನೂ ಬರೆದುಕೊಂಡುದಿಲ್ಲ.

ಹೊರಗೆ ಹೋದುದು ಎಂದು? ಇಲ್ಲಿ ಭೂವಿಜ್ಞಾನಿಗಳು ನಮ್ಮ ನೆರವಿಗೆ ಬರುತ್ತಾರೆ. ಭೀಮಾ ಶಿಲಾಸಮುದಾಯವೆಂದು ಅವರು ಕರೆಯುವ ಸುಣ್ಣಕಲ್ಲಿನ ಪದರಗಳು, ಐವತ್ತು ಕೋಟಿ ವರ್ಷಗಳಿಗೂ ಹಿಂದೆ, ಶಾಂತವಾದ ತಿಳಿಗಡಲೊಂದರ ತಳದಲ್ಲಿ ಸುಣ್ಣದ ಕೆಸರು ಎಳೆಯೆಳೆಯಾಗಿ ಕೂತು ಗಟ್ಟಿಯಾದುದರ ಫಲ. ಶಂಖವಾಗಲಿ ಕಪ್ಪೆಚಿಪ್ಪಾಗಲಿ ಇನ್ನೂ ಸೃಷ್ಟಿಯಾಗದಿದ್ದ ಕಾಲವದು; ಮೀನಿನ ವಾಸನೆಯ ಸೋಂಕೂ ಇಲ್ಲದ, ಅತ್ಯಂತ ಮಡಿವಂತರೂ ನಿಶ್ಚಿಂತೆಯಿಂದ ವಿಹರಿಸಬಹುದಾಗಿದ್ದ ಇಂಥ ಕಡಲತೀರವು ಗೋಕರ್ಣದಲ್ಲಿಯೂ ಇಲ್ಲ. ಆ ಎಳೆಗಳ ಸಂದಿಗೆ ಉಳಿಯಿಟ್ಟು ಸುತ್ತಿಗೆಯಿಂದ ತಟ್ಟಿದರೆ ಹಾಳೆಯಂತೆ ಏಳುವ ಚಪ್ಪಡಿಯೇ ಶಹಾಬಾದಿ ಫರಸಿ. ರೈಲು ಬಂದ ಮೇಲೆ ಈ ಫರಸಿಯು ಮುಂಬಯಿಯ ಎಷ್ಟೋ ಪಡಸಾಲೆಗಳಿಗೂ ಅಡಿಗೆಮನೆಗಳಿಗೂ ಹಾಸಾಗಿ ಹೋಯಿತು. ಮೆರೈನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು ಅರಬ್ಬೀ ಸಮುದ್ರವನ್ನು ನೋಡಿ ನಿಟ್ಟುಸಿರುಬಿಡುವ ಗೃಹಸ್ಥನು, ಮನೆಗೆ ಮರಳಿ ಅದಕ್ಕಿಂತ ಎಷ್ಟೋ ಹಿರಿದಾದ ಸಮುದ್ರದ ಮೇಲೆ ಮಣೆಹಾಕಿಕೊಂಡು ಉಣ್ಣುತ್ತಾನೆಂಬುದು ಅವನಿಗೆ ತಿಳಿಯದು, ತಿಳಿಸುವವರೂ ಇರಲಿಲ್ಲ.

ಅಗಸ್ತ್ಯನು ಸಮುದ್ರವನ್ನು ಆಪೋಶನಮಾಡಿದ ಕಥೆಯನ್ನು ಆಧುನಿಕರು ನಂಬುವುದಿಲ್ಲವಾದರೆ, ಅವರು 1874ರಲ್ಲಿ ಸಿಕಂದರಾಬಾದಿನವರೆಗೆ ತೆರೆದ ನಿಜಾಮರ ರೈಲುಹಾದಿಯನ್ನು ಹಿಡಿದು ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಮಳಖೇಡ ರೋಡು, ಸೇಡಂಗಳ ಮಾರ್ಗವಾಗಿ ಪ್ರಯಾಣಮಾಡಿ ನೋಡಬೇಕು. ಅಲ್ಲಿ ಸಮುದ್ರತಳವನ್ನು ಸಿಡಿಮದ್ದಿನಿಂದ ಸೀಳಿ, ಪುಡಿಮಾಡಿ, 1450 ಡಿಗ್ರಿಯ ಕುಲುಮೆಯಲ್ಲಿ ಹುರಿದು, 50 ಕಿಲೋಗ್ರಾಮಿನ ಚೀಲಗಳಲ್ಲಿ ಕಟ್ಟಿ ಮಾರುತ್ತಾರೆ. ಸೇಡಂನಲ್ಲಂತೂ ಹೀಗೆ ಕಡಲನ್ನು ಕಟ್ಟುವ ಸಿಮೆಂಟು ಕಾರ್ಖಾನೆಗೆ ಭಾಸನ ನಾಯಿಕೆಯಾದ ವಾಸವದತ್ತೆಯ ಹೆಸರನ್ನಿಟ್ಟು ಸಾಹಿತ್ಯಸೇವೆಯನ್ನೂ ಸಲ್ಲಿಸಿದ್ದಾರೆ. ಋಷಿಯು ಮಾಡಿದುದು ಒಂದು ಗುಟುಕಿನ ಕೆಲಸ. ಇಲ್ಲಿ ಮೂರು ಪಾಳಿಗಳಲ್ಲಿ ನಡೆಯುತ್ತಿದ್ದರೂ ಸಮುದ್ರವು ಇನ್ನೂ ಮುಗಿದಿಲ್ಲ.

ಇನ್ನು ಆರೋಹಣ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆನಿಸಿ, ಸುಮಾರು 135 ಚದರ ಕಿಲೋಮೀಟರಿನಷ್ಟು ತೇಗ, ದಿಂಡಿಗಾದಿ ವೃಕ್ಷಗಳನ್ನೂ, ತೋಳ ಕತ್ತೆಕಿರುಬಗಳನ್ನೂ, ಇವೆಲ್ಲವಕ್ಕಿಂತ ಪುರಾತನರಂತೆ ತೋರುವ ಅರಣ್ಯ ಇಲಾಖೆಯ ಫಲಕಗಳನ್ನೂ ಒಳಗೊಂಡಿದೆ. ಗೊಟ್ಟಂಗೊಟ್ಟದ ಬಕ್ಕಪ್ರಭುವಿನ ಗುಡಿಗೆ ಕೈಮುಗಿದು ಗುಡ್ಡಕ್ಕೆ ಮುಖಮಾಡಿದವನು ಮೊದಲು ಗಮನಿಸಬೇಕಾದುದೇನೆಂದರೆ, ಇಲ್ಲಿಯ ಸಮುದ್ರತಳವೇ ಇಂದಿನ ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರು ಮೇಲೆ ಏರಿ ನಿಂತಿದೆಯೆಂಬುದು. ಕರಾವಳಿಯಲ್ಲಿ ಸಮುದ್ರವು ಕೆಳಗೆ ಸೋಮಾರಿಯಾಗಿ ಬಿದ್ದುಕೊಂಡು ಯಾತ್ರಿಕನೊಬ್ಬನಿಂದಲೇ ಹತ್ತುವ ಶ್ರಮವನ್ನೆಲ್ಲ ಮಾಡಿಸುತ್ತದೆ. ಕಲಬುರಗಿ ಸೀಮೆಯಲ್ಲಾದರೋ ಸಮುದ್ರವು ತಾನೇ ಮುಕ್ಕಾಲುಪಾಲು ಹತ್ತಿಬಂದು ಅತಿಥಿಯನ್ನು ಎದುರುಗೊಳ್ಳುತ್ತದೆ. ಇದನ್ನು ಸೀಮೆಯ ಸೌಜನ್ಯಕ್ಕೆ ದೃಷ್ಟಾಂತವಾಗಿ ಹೇಳಬಹುದು.

ಉಳಿದ ಕಾಲುಪಾಲು ಮಾತ್ರ ನಮ್ಮದು. ಅದು ಬಿಸಿಲಿನ ಕಾಲುಪಾಲಾದುದರಿಂದ ಬೆಳಗಿನ ಎಂಟು ಗಂಟೆಯನ್ನು ಮೀರಿದ ಮೇಲೆ ಹೊರಟವನಿಗೆ ಪ್ರಾಯಶ್ಚಿತ್ತವು ಬೇರೆ ಬೇಕಾಗುವುದಿಲ್ಲ. ಕಾಲಡಿಯ ಕಲ್ಲು ಇಲ್ಲಿ ಬೂದುಬಣ್ಣದ ಫರಸಿಯಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ಮೇಲೆಲ್ಲ ಹರಿದ ಲಾವಾ ಹೆಪ್ಪುಗಟ್ಟಿದ ಕರಿಕಲ್ಲು, ಅದರ ನೆತ್ತಿ ಕಳಿತು ಕೆಂಪಾದ ಜಂಬಿಟ್ಟಿಗೆ. ಇದರಿಂದ ಸಿದ್ಧಾಂತವು ದೃಢವಾಗುತ್ತದೆ: ಕೆಳಗೆ ಕಡಲಿನ ತಳ, ಮೇಲೆ ಅನಂತರ ಬಂದ ಬೆಟ್ಟ, ನೆತ್ತಿಯ ಮೇಲೆ ಬೆವರುವ ಪ್ರಬಂಧಕರ್ತ, ಕಡಲನೋಟಕ್ಕೆ ಬೇಕಾದ ಅಂಗಗಳಲ್ಲಿ ನೀರೊಂದನ್ನು ಬಿಟ್ಟು ಯಾವುದೂ ನ್ಯೂನವಾಗಿಲ್ಲ. ನೀರಿನ ಕೊರತೆಯನ್ನು ಚಂದ್ರಂಪಳ್ಳಿ ಜಲಾಶಯವನ್ನು ತೋರಿಸಿ ತುಂಬಬಹುದೆಂದು ಸಲಹೆಮಾಡಿದ ಸ್ನೇಹಿತರುಂಟು. ಅಂಥ ಅಗ್ಗದ ಪ್ರಮಾಣವನ್ನು ಈ ಲೇಖಕನು ಮುಟ್ಟುವುದಿಲ್ಲ.

ಶಬ್ದಪ್ರಮಾಣಕ್ಕೂ ಕೊರತೆಯಿಲ್ಲ. 851ರಷ್ಟು ಹಿಂದೆಯೇ ಅರಬ್ಬೀ ವರ್ತಕ ಸುಲೈಮಾನನ ವೃತ್ತಾಂತವು ಬಲ್ಹರನನ್ನು, ಎಂದರೆ ನಮ್ಮ ಮಳಖೇಡದ ರಾಷ್ಟ್ರಕೂಟ ದೊರೆಯನ್ನು, ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಹಡಗಿನವನೊಬ್ಬನು ಕಾಗಿಣಾತೀರದ ಅರಸನನ್ನು ಕಾರಣವಿಲ್ಲದೆ ಹೊಗಳುವನೇ? ಕೊಂಕಣವೂ ಆ ರಾಜ್ಯಕ್ಕೆ ಸೇರಿತ್ತೆಂಬ ಸರಳವಾದ ಕಾರಣವನ್ನು ಇತಿಹಾಸಕಾರರು ಕೊಡುತ್ತಾರೆ. ಸರಳವಾದ ಕಾರಣಗಳಿಂದ ಪ್ರಬಂಧಗಳು ಬೆಳೆಯುವುದಿಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡೋಣ.

ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಶಹಾಬಾದಿನ ಬಳಿಯ ಮರತೂರಿನವನೆಂಬುದು ಈ ಸೀಮೆಯವರ ಅಭಿಮಾನ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂಬ ಅವನ ಸಿದ್ಧಾಂತವನ್ನು ಅನ್ವಯಿಸಿದರೆ, ಕಡಲ ಗರ್ಭದಲ್ಲಿ ಹುಟ್ಟಿದ ಫರಸಿಯು ಕಡಲಿನ ಸಹಭಾಗಿಯೆಂದೂ, ಕಾರವಾರ ಮಂಗಳೂರುಗಳು ಹಿರಿಯ ಶಾಖೆಯವರನ್ನು ಕೇಳದೆ ಸೂರ್ಯಾಸ್ತಗಳನ್ನೆಲ್ಲ ಅನುಭವಿಸುತ್ತಿರುವುದು ಪಾಲಾಗದ ಆಸ್ತಿಯ ದುರುಪಯೋಗವೆಂದೂ ಸಿದ್ಧವಾಗುತ್ತದೆ. ಪ್ರತಿವಾದಿಯೂ ಸುಮ್ಮನಿಲ್ಲ. ಕಾಗಿಣೆಯು ಸುಣ್ಣಕಲ್ಲನ್ನು ಇಷ್ಟಿಷ್ಟೇ ಕರಗಿಸಿಕೊಂಡು ಭೀಮೆಗೂ, ಭೀಮೆಯು ಕೃಷ್ಣೆಗೂ, ಕೃಷ್ಣೆಯು ಬಂಗಾಳ ಉಪಸಾಗರಕ್ಕೂ ಒಪ್ಪಿಸುತ್ತಿರುವುದರಿಂದ, ಸಮುದ್ರವು ತನ್ನ ಸ್ವತ್ತನ್ನು ಕಂತುಗಳಲ್ಲಿ ವಸೂಲುಮಾಡಿಕೊಳ್ಳುತ್ತಿದೆ. ಚಿತ್ತಾಪುರದ ಗೃಹಿಣಿಯು ನೀರು ಕಾಯಿಸುವ ಪಾತ್ರೆಯ ತಳದಿಂದ ಹೆರೆದು ತೆಗೆಯುವ ಬಿಳಿಯ ಪೊರೆಯು ದಾರಿಯಲ್ಲಿ ಜಪ್ತಿಯಾದ ಒಂದು ಕಂತು.

ಗುಡ್ಡದಿಂದಿಳಿದ ಮೇಲೆ ತಾಂಡಾದ ಹಿರಿಯರೊಬ್ಬರಿಗೆ ಈ ಸಿದ್ಧಾಂತವನ್ನು ಸಾವಧಾನವಾಗಿ ವಿವರಿಸಲಾಯಿತು. ಅವರು ಪೂರ್ತಿ ಕೇಳಿ, "ಹಂಗಾದ್ರ ಸಮುದ್ರ ನೋಡ್ಲಾಕ ಗುಡ್ಡಾ ಯಾಕ ಹತ್ತಿದ್ರಿ ಸಾಹೇಬ್ರ? ನಮ್ಮ ಮನ್ಯಾಗೇ ಹಾಸೀವಲ್ರಿ. ಚಪ್ಪಲ್ ಬಿಟ್ಟು ಒಳಗ ಬರ್ರಿ" ಎಂದರು. ಇಲ್ಲಿ ಚಪ್ಪಲಿ ಬಿಡುವುದು ತೀರ್ಥಪ್ರವೇಶದ ಅಂಗವೋ ಕೇವಲ ಗೃಹಾಚಾರವೋ, ಬರಿಗಾಲಿನಿಂದ ಫರಸಿಯನ್ನು ಮೆಟ್ಟಿದವನಿಗೆ ಸಮುದ್ರಸ್ನಾನದ ಫಲವು ಪೂರ್ತಿ ದಕ್ಕುವುದೋ ಪಾದಮಾತ್ರವೋ ಎಂಬ ಸೂಕ್ಷ್ಮಪ್ರಶ್ನೆಗಳೇಳುತ್ತವೆ. ಅವುಗಳನ್ನು ಉತ್ತರಭಾಗಕ್ಕೆ ಕಾಯ್ದಿರಿಸಿ, ಚಹಾ ಬಂದುದರಿಂದ ಪೂರ್ವಭಾಗವನ್ನು ಇಲ್ಲಿಗೆ ನಿಲ್ಲಿಸಲಾಗಿದೆ.