ಸ್ಕೀಗೆ ನೆರಿಗೆ

ನಮ್ಮ ಮನೆಯಲ್ಲಿ ಸಾಮಾನಿನ ಬಿಲ್ಲನ್ನು ಮೊದಲು ಓದುವುದು ಇವಳು. ನೈಲಾನ್ ಹಾಳೆ, ಅಂಟು ಟೇಪು, ಪೀಲ್ ಪ್ಲೈ, ತೂತಿನ ಪ್ಲಾಸ್ಟಿಕ್ಕು, ಬ್ರೀದರ್ ಬಟ್ಟೆ, ವಾಲ್ವು, ಪೈಪು, ಮೀಟರು, ಪಂಪು... ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿ, ಕನ್ನಡಕ ತೆಗೆದು ಕೇಳಿದಳು: “ಎಲ್ಲಾ ಸರಿ ರೀ, ಇದರಲ್ಲಿ ಸ್ಕೀ ಎಲ್ಲಿದೆ?”

ನ್ಯಾಯವಾದ ಪ್ರಶ್ನೆ. ಇರಲಿಲ್ಲ. ಆ ಬಿಲ್ಲಿನ ಮುಕ್ಕಾಲು ಪಾಲು ಒಂದು ರಾತ್ರಿ ಬಾಳಿ, ಬೆಳಗಾದರೆ ಕಸದ ಡಬ್ಬಿ ಸೇರುವಂಥದ್ದು. ಮನೆಯಲ್ಲೇ ಸ್ಕೀ ಮಾಡಿದರೆ ಉಳಿತಾಯ ಎಂದು ನಾನು ಹೇಳಿದ್ದೆ. ಏನು ಉಳಿಯುತ್ತದೆ ಎಂದು ಹೇಳಿರಲಿಲ್ಲ.

ಡೆನ್ವರಿನಲ್ಲಿ ಚಳಿಗಾಲದ ಶನಿವಾರ ಕಾರಿನ ತಲೆಯ ಮೇಲೆ ಸ್ಕೀ ಇಲ್ಲದವನನ್ನು ಜನ ಮರುಕದಿಂದ ನೋಡುತ್ತಾರೆ. ಹಾಸನದ ಕಡೆ ಹುಟ್ಟಿ, ಮಂಜುಗಡ್ಡೆಯನ್ನು ಕಬ್ಬಿನ ಹಾಲಿನ ಲೋಟದಲ್ಲಷ್ಟೇ ಕಂಡಿದ್ದ ನಾನೂ ಬಾಡಿಗೆ ಸ್ಕೀ ಕಟ್ಟಿದೆ. ಬಿದ್ದೆ. ಬಿದ್ದವನಿಗೆ ಎರಡು ದಾರಿ: ಕಲಿಯುವುದು, ಇಲ್ಲವೇ ಸ್ಕೀ ಸರಿಯಿಲ್ಲ ಅನ್ನುವುದು. ಎರಡನೆಯದಕ್ಕೆ ದೊಡ್ಡ ಪರಂಪರೆಯೇ ಇದೆ. ಹೊವರ್ಡ್ ಹೆಡ್ ಎಂಬ ವಿಮಾನ ಕಾರ್ಖಾನೆಯ ಎಂಜಿನಿಯರು 1940ರ ದಶಕದಲ್ಲಿ ವರ್ಮಾಂಟಿನ ಸ್ಟೋ ಎಂಬಲ್ಲಿ ಉರುಳಿ, ತಪ್ಪು ತನ್ನದಲ್ಲ, ಮರದ ಸ್ಕೀಯದು ಎಂದು ತೀರ್ಪು ಕೊಟ್ಟುಕೊಂಡ. ಇಸ್ಪೀಟಿನಲ್ಲಿ ಗೆದ್ದ 6,000 ಡಾಲರು ಹಾಕಿ ಬಾಲ್ಟಿಮೋರಿನಲ್ಲಿ ಕೆಲಸ ಹೂಡಿದ. ಅಚ್ಚನ್ನು ರಬ್ಬರ್ ಚೀಲಕ್ಕೆ ತುರುಕಿ, ಹಳೇ ಫ್ರಿಜ್ಜಿನ ಕಂಪ್ರೆಸರನ್ನು ಉಲ್ಟಾ ಜೋಡಿಸಿ ಗಾಳಿ ಎಳೆದು, ಕಾರುಗಳಿಂದ ಬಸಿದ ಎಣ್ಣೆಯಲ್ಲಿ ಕುದಿಸಿದ. ಮೊದಲ ಆರು ಜೊತೆಯೂ ಮುರಿದವು. ಬಿಡಲಿಲ್ಲ, ಕೊನೆಗೆ ಅವನ ಲೋಹದ ಸ್ಕೀ ಊರೂರಿನಲ್ಲೂ ಮಾರಾಟವಾಯಿತು. ವಯಸ್ಸಾದ ಮೇಲೆ ಟೆನಿಸ್ ಆಡಹೋಗಿ, ಚೆಂಡು ಸಿಗದಿದ್ದಾಗ ರಾಕೆಟ್ಟನ್ನೇ ದೊಡ್ಡದು ಮಾಡಿದ ಮಹಾನುಭಾವ ಇವನೇ. ಸಂಸಾರಸ್ಥರು ಇಂಥವರ ಚರಿತ್ರೆ ಓದಬಾರದು.

ಒಂದು ವ್ಯತ್ಯಾಸವಿತ್ತು. ಹೆಡ್ ಬಿಚ್ಚಿದ ಫ್ರಿಜ್ಜಿನಲ್ಲಿ ದೋಸೆ ಹಿಟ್ಟು ಇದ್ದಿರಲಾರದು. ಗ್ಯಾರೇಜಿನಲ್ಲಿರುವ ನಮ್ಮ ಎರಡನೇ ಫ್ರಿಜ್ಜಿನ ಬೆನ್ನು ನೋಡುತ್ತ ನಾನು ನಿಂತಿದ್ದಷ್ಟೇ; “ಅದಕ್ಕೆ ಕೈ ಹಚ್ಚಿ ನೋಡಿ” ಎಂದಳು ಇವಳು. ಹಾಗಾಗಿ ಏಸಿ ರಿಪೇರಿಯವರ ಪಂಪು ಕೊಳ್ಳಬೇಕಾಯಿತು.

ತತ್ವವೇನೋ ಸರಳ. ತಳದ ಪ್ಲಾಸ್ಟಿಕ್ಕು, ಉಕ್ಕಿನ ಅಂಚು, ಫೈಬರ್ ಗ್ಲಾಸು, ಮರದ ತಿರುಳು, ಮತ್ತೆ ಫೈಬರ್ ಗ್ಲಾಸು. ಎಲ್ಲಕ್ಕೂ ಎಪಾಕ್ಸಿ ಬಳಿದು ಅಚ್ಚಿನ ಮೇಲೆ ಪೇರಿಸಿ, ಚೀಲ ಮುಚ್ಚಿ ಗಾಳಿ ಎಳೆದರೆ ಮಿಕ್ಕ ಕೆಲಸ ಆಕಾಶದ್ದು. ಒಂದು ಸ್ಕೀಯ ಮೇಲೆ ಹೆಚ್ಚುಕಮ್ಮಿ ಒಂದೂವರೆ ಟನ್ ಭಾರ ಬಿಟ್ಟಿಯಾಗಿ ಕೂರುತ್ತದೆ. ಡೆನ್ವರು 1,609 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡದಲ್ಲಿ ಆರನೇ ಒಂದು ಪಾಲು ಖೋತಾ. ಲೆಕ್ಕದ ಪ್ರಕಾರ ಸ್ಕೀ ಅಂಟಿಸಲು ಮಂಗಳೂರೇ ವಾಸಿ. ಜಾರಲು ಅಲ್ಲಿ ಬಚ್ಚಲುಮನೆ ಬಿಟ್ಟರೆ ಬೇರೆ ಜಾಗವಿಲ್ಲ, ಅಷ್ಟೇ.

ಬಿಲ್ಲು ಇಳಿಸಲು ಮನೆಯೊಳಗೇ ಹುಡುಕಿದೆ. ಬ್ರೀದರ್ ಎಂದರೆ ಗಾಳಿಗೆ ದಾರಿ ಬಿಟ್ಟು, ಹೆಚ್ಚಿನ ಎಪಾಕ್ಸಿಯನ್ನು ಹೀರಿಕೊಳ್ಳುವ ಪಾಲಿಯೆಸ್ಟರ್ ಹಾಸು. ರಜಾಯಿಯ ಹೊಟ್ಟೆಯಲ್ಲಿರುವುದೂ ಅದೇ. ನೆಂಟರ ಕೋಣೆಯ ರಜಾಯಿ ತೆಳ್ಳಗಾಯಿತು. ಪೀಲ್ ಪ್ಲೈ ಎಂದರೆ ಲೇಪವಿಲ್ಲದ ನೈಲಾನ್ ಬಟ್ಟೆ. ಹಸಿ ಗ್ಲಾಸಿನ ಮೇಲೆ ಹಾಸಿ, ಗಟ್ಟಿಯಾದ ಮೇಲೆ ಸುಲಿದು ತೆಗೆಯಬೇಕು. ಊರಿಂದ ಬಂದಿದ್ದ ಅಮ್ಮನ ಪೆಟ್ಟಿಗೆಯಲ್ಲಿ ಹಳೇ ನೈಲಾನ್ ಸೀರೆಯೊಂದಿತ್ತು.

“ನಾನು ಉಟ್ಟ ಸೀರೇನ ಕಾಲಿಗೆ ಹಾಕ್ಕೋತೀಯೇನೋ?”

“ಛೆ, ಇಲ್ಲಮ್ಮ. ಬೆಳಿಗ್ಗೆ ಸುಲಿದು ಕಸಕ್ಕೆ ಹಾಕ್ತೀನಿ.”

ಅಮ್ಮ ಪೆಟ್ಟಿಗೆಗೆ ಬೀಗ ಹಾಕಿದಳು. ಪೀಲ್ ಪ್ಲೈ ಬಿಲ್ಲಿನಲ್ಲೇ ಉಳಿಯಿತು.

ಜನವರಿಯ ಗ್ಯಾರೇಜಿನಲ್ಲಿ ಎಪಾಕ್ಸಿ ಗಟ್ಟಿಯಾಗುವುದಿಲ್ಲ, ಆದ್ದರಿಂದ ಎರಡು ಮೀಟರಿನ ಅಚ್ಚು ಹಾಲಿಗೆ ಬಂತು. ನಾನು ನೈಲಾನ್ ಹಾಳೆಯನ್ನು ಒಂದು ಸುಕ್ಕಿಲ್ಲದಂತೆ ಬಿಗಿದು, ಹಿಂದೆ ಸರಿದು ಮೆಚ್ಚಿಕೊಂಡೆ. ಪಂಪು ಹಾಕಿದರೆ, ಮೂತಿ ಮೇಲೇಳುವ ಜಾಗದಲ್ಲಿ ಹಾಳೆ ಕೆಳಗಿಳಿಯದೆ ಡೇರೆ ಹೊಡೆದು ನಿಂತಿತು. ಅಲ್ಲಿ ಒತ್ತಡವೇ ಇಲ್ಲ. ನಿಜವಾದ ಸ್ಕೀ ಇದ್ದಿದ್ದರೆ ಅಷ್ಟೂ ಟೊಳ್ಳು. ಪುಣ್ಯಕ್ಕೆ ಅದಿನ್ನೂ ಎಪಾಕ್ಸಿ ಇಲ್ಲದ ತಾಲೀಮು. ಹೀಟರಿನ ಒಣ ಗಾಳಿಗೆ ನೈಲಾನೂ ಪೆಡಸಾಗಿ, ಎಳೆದ ಕಡೆ ಸೀಳಿತ್ತು. ತೇವ ಹೀರದೆ ಅದು ಬಾಗುವುದಿಲ್ಲ.

“ನೆರಿಗೆ ಎಲ್ಲಿ?” ಎಂದಳು ಇವಳು.

ಪುಸ್ತಕಗಳಲ್ಲಿಯೂ ಅದನ್ನೇ ಹೇಳಿದ್ದಾರೆ: ಹಾಳೆ ಅಚ್ಚಿಗಿಂತ ಉದಾರವಾಗಿರಬೇಕು, ಸುತ್ತಲೂ ಮಡಿಕೆ ಬಿಡಬೇಕು, ಮಡಿಕೆಯೊಳಗೂ ಟೇಪು ಹತ್ತಿಸಬೇಕು. ನಾನು ಓದಿದ್ದೆ, ಇವಳು ಇಪ್ಪತ್ತು ವರ್ಷದಿಂದ ಉಡುತ್ತಿದ್ದಾಳೆ. ಮಂಡಿಯೂರಿ ಕೂತು, ಹಾಳೆಯನ್ನು ಬೆರಳ ಸಂದಿಯಲ್ಲಿ ಸರಸರನೆ ಹಿಡಿಯುತ್ತ ಹೋದಳು. ಸೋಫಾದ ಮೇಲಿಂದ ಅಮ್ಮನ ಮೇಲ್ವಿಚಾರಣೆ: “ಮೂತಿ ಹತ್ರ ಇನ್ನೆರಡು ಬಿಡೇ, ಇಲ್ದಿದ್ರೆ ನಡೆಯೋವಾಗ ತೊಡರುತ್ತೆ.” ಸ್ಕೀ ನಡೆಯುವುದಿಲ್ಲ ಎಂದೆ. “ನೀನು ಕಟ್ಕೊಂಡ್ರೆ ನಡೆಯೋದೂ ಕಷ್ಟಾನೇ” ಎಂದಳು ಅಮ್ಮ. ಕತ್ತರಿ ಹಿಡಿದುಕೊಳ್ಳುವ ಕೆಲಸ ನನಗೆ ಸಿಕ್ಕಿತು.

ಟೇಪಿನದು ಇನ್ನೊಂದು ಕಥೆ. ಅದು ಹಲಸಿನ ಮೇಣದ ಹಾಗೆ. ಹಿಡಿದ ಕೈಯನ್ನು ಬಿಡುವುದಿಲ್ಲ. ಅಮ್ಮ ಅದನ್ನು ಒಮ್ಮೆ ಮುಟ್ಟಿ, ಅಡುಗೆಮನೆಗೆ ಹೋಗಿ, ಎರಡೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸಹಾಯಕ್ಕೆ ಬಂದುಬಿಟ್ಟಳು. ಎಣ್ಣೆ ಸೋಕಿದ ಕಡೆ ಟೇಪೂ ಹಿಡಿಯದು, ಎಪಾಕ್ಸಿಯೂ ಹಿಡಿಯದು. “ಅಮ್ಮಾ, ಮುಟ್ಟಬೇಡ!” ಎಂದು ನಾನು ಕಿರುಚಿದ ದನಿಗೆ ಪಕ್ಕದ ಮನೆಯ ದೀಪ ಹತ್ತಿತು.

ಮರುದಿನ ಅಸಲು ಕೆಲಸ. ಕಲೆಸಿದ ಎಪಾಕ್ಸಿ ಕಾಯುವುದಿಲ್ಲ. ಹೆಚ್ಚಾದದ್ದು ಮಗ್ಗಿನಲ್ಲೇ ಬಿಸಿಯಾಗಿ ಹೊಗೆ ಬಿಡತೊಡಗಿತು. ಇತ್ತ ನಿರ್ವಾತದ ಮೀಟರಿನ ಮುಳ್ಳು ಪಾದರಸದ 15 ಇಂಚಿಗೆ ನಿಂತಿತು. ನಮ್ಮ ಎತ್ತರದಲ್ಲಿ 24ರ ಆಸುಪಾಸು ಬರಬೇಕು; ಅಂದರೆ ಚೀಲಕ್ಕೆ ಎಲ್ಲಿಂದಲೋ ಗಾಳಿ ನುಸುಳುತ್ತಿದೆ. ನಾನು ನೆಲಕ್ಕೆ ಕಿವಿ ಹಚ್ಚಿ ಅಚ್ಚಿನ ಸುತ್ತ ತೆವಳುತ್ತಿದ್ದೆ. ಒಗ್ಗರಣೆ ಹಾಕುತ್ತಿದ್ದ ಇವಳು ತಿರುಗಿಯೂ ನೋಡದೆ, “ಟಿವಿ ಕಡೆ ಮೂಲೆ, ಮೂರನೇ ನೆರಿಗೆ” ಎಂದಳು. ಕುಕ್ಕರಿನ ಗ್ಯಾಸ್ಕೆಟ್ಟಿನ ಜೊತೆ ಬಾಳಿದ ಕಿವಿ. ಒತ್ತಿದೆ, ಮುಳ್ಳು ಏರಿತು. ಪಂಪು ರಾತ್ರಿಯಿಡೀ ಗುಂಯ್‌ಗುಟ್ಟಿತು, ಯಾರೂ ಮಲಗಲಿಲ್ಲ.

ಬೆಳಿಗ್ಗೆ ಸ್ಕೀ ಬಂತು. ಒಂದೇ ಸ್ಕೀ. ಅಚ್ಚು ಒಂದೇ, ಚೀಲವೂ ಹರಿಯಿತು. ಜೊತೆಯದಕ್ಕೆ ಹಾಳೆ, ಟೇಪು, ಪೀಲ್ ಪ್ಲೈ, ರಜಾಯಿ ಎಲ್ಲವೂ ಹೊಸದಾಗಿ ಆಗಬೇಕು. ಆ ಬಿಲ್ಲು ಇನ್ನೂ ಮಂಜೂರಾಗಿಲ್ಲ.

ಪಂಪನ್ನು ಆಮೇಲೆ ಕೇಳಿದವಳು ಅಮ್ಮನೊಬ್ಬಳೇ. ಊರಿಗೆ ಹೊರಡುವ ಮುನ್ನ ಪೆಟ್ಟಿಗೆ ತೂಗಿದರೆ 27 ಕಿಲೋ. ವಿಮಾನದವರು ಬಿಡುವುದು 23. “ಆ ನಿನ್ನ ಮಿಷನ್ ತಂದು ಇದರ ಗಾಳಿ ತೆಗಿ, ನಾಲ್ಕು ಕೇಜಿ ಇಳಿಯುತ್ತೆ” ಎಂದಳು. ಗಾತ್ರ ಇಳಿಯುತ್ತದೆ, ತೂಕ ಇಳಿಯುವುದಿಲ್ಲ ಎಂದು ವಿಜ್ಞಾನ ಹೇಳಿದೆ. ಕೇಳಲಿಲ್ಲ. ಮೊಮ್ಮಕ್ಕಳ ಜಾಕೆಟ್ಟುಗಳನ್ನೆಲ್ಲ ಚೀಲಕ್ಕೆ ಹಾಕಿ ಗಾಳಿ ಎಳೆದೆ. ಪೆಟ್ಟಿಗೆಯಲ್ಲಿ ಅರ್ಧ ಜಾಗ ಖಾಲಿಯಾಯಿತು. ಅಮ್ಮ ಖುಷಿಯಾಗಿ ಆ ಜಾಗಕ್ಕೆ ಇನ್ನೆರಡು ಕಿಲೋ ಬಾದಾಮಿ ಸೇರಿಸಿ ಮತ್ತೆ ತೂಗಿಸಿದಳು. 29.