ಹಾಡಿದೋರ ಹೆಸರು ಬರೆದಿಡೋಣ

ಅಕ್ಕಾ, ಬಟ್ಟೆ ಆಮೇಲೆ ಹರವೀರಂತೆ, ಒಂದ್ನಿಮಿಷ ಬೇಲಿ ಹತ್ರ ಬನ್ನಿ. ನಿಮ್ಮ ಮಗ ಶಿಫ್ಟ್ ಮುಗಿಸ್ಕೊಂಡು ಬಂದವನೇ ಕಂಪ್ಯೂಟರ್ ಮುಂದೆ ಕೂರ್ತಾನೆ, ಏನ್ ಮಾಡ್ತಾನೋ ಅಂತಿದ್ರಲ್ಲ, ಒಳ್ಳೇ ಕೆಲಸಾನೇ ಮಾಡ್ತಿದಾನೆ ಕಣಕ್ಕ. ಕನ್ನಡ ವಿಕಿಪೀಡಿಯಕ್ಕೆ ಅಂತ ಒಂದು ಲೇಖನ ಬರೆದು ತಿದ್ದುತಿದಾನೆ. ‘ಮಚಾಸ್ ವಿತ್ ಆಟಿಟ್ಯೂಡ್’ ಅಂತ ಬೆಂಗಳೂರಿನ ರ‍್ಯಾಪ್ ತಂಡ. ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್, ಬಿಗ್ ನಿಕ್ ಅಂತ ಮೂರು ಜನ ಕಟ್ಟಿದ್ದು. ನಿನ್ನೆ ನನಗೂ ಓದೋಕೆ ಕೊಟ್ಟಿದ್ದ.

ಮೊದಲನೇ ಸಾಲೇ ‘ದೇಶದಲ್ಲೇ ಸಾಟಿಯಿಲ್ಲದ ಅದ್ಭುತ ತಂಡ’ ಅಂತಿತ್ತು. ಇದನ್ನ ಹೇಳಿದೋರು ಯಾರಪ್ಪ, ನೀನೋ, ಯಾರಾದ್ರೂ ವಿಮರ್ಶಕರೋ ಅಂತ ಕೇಳ್ದೆ. ಸುಮ್ಮನಾದ. ಈಗ ‘ಬೆಂಗಳೂರಿನ ಮೂವರು ಕಲಾವಿದರ ಹಿಪ್‌ಹಾಪ್ ತಂಡ’ ಅಂತ ಇದೆ. ಸಪ್ಪೆ ಆಯ್ತು ಅಂತ ಮುಖ ಸಣ್ಣದು ಮಾಡ್ಕೊಂಡ. ಸಪ್ಪೆ ಏನಲ್ಲ ಅಕ್ಕ. ವಿಶ್ವಕೋಶ ತೆಗೆದು ನೋಡೋರಿಗೆ ಯಾರು, ಎಲ್ಲಿ, ಯಾವಾಗ, ಏನ್ ಮಾಡಿದ್ರು ಅನ್ನೋದು ಬೇಕು. 2012ರಲ್ಲಿ ಬ್ರೋಧಾ ವಿ ‘ಆತ್ಮ ರಾಮ’ ಹಾಡಲ್ಲಿ ಇಂಗ್ಲಿಷ್ ರ‍್ಯಾಪಿನ ನಡುವೆ ರಾಮನ ಭಜನೆ ತಂದ್ರು. ಅಷ್ಟು ಬರೆದ್ರೆ ಸಾಕು, ಅವರ ಹೆಚ್ಚುಗಾರಿಕೆ ಓದೋರಿಗೇ ತಿಳಿಯುತ್ತೆ.

ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿತ್ತು. ಒಬ್ಬೊಬ್ಬರ ಹೆಸರಿನ ಪಕ್ಕಾನೂ ಮನೆಮಾತು, ಜಾತಿ, ಧರ್ಮ ಅಂತ ತುಂಬಿಸಿದ್ದ. ಎಲ್ಲಾ ಹೆಸರು ನೋಡಿ ಮಾಡಿದ ಊಹೆ. ಬದುಕಿರೋರ ಧರ್ಮ ಬರೀಬೇಕಾದ್ರೆ ಅವರೇ ಹೇಳ್ಕೊಂಡಿರಬೇಕು ಅಂತ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿಯಮಾನೇ ಇದೆ. ಯಾವ ಭಾಷೇಲಿ ಹಾಡ್ತಾರೆ ಅನ್ನೋದು ಅವರ ಕೆಲಸದ ವಿಷಯ, ಅದನ್ನ ಧಾರಾಳವಾಗಿ ಬರೀಲಿ. ಯಾರ ಮನೆಯೋರು ಅನ್ನೋದನ್ನ ನಾವು ಊಹೆ ಮಾಡಿ ಅಂಟಿಸಬಾರದು.

ಅಷ್ಟಕ್ಕೂ ಈ ಹಿಪ್‌ಹಾಪ್ ಅನ್ನೋದು ಮೊದಲಿಂದಲೂ ನಾಲ್ಕು ಕಡೆಯೋರು ಕೂಡಿ ಬೆಳೆಸಿದ್ದು ಅಕ್ಕ. 1973ರ ಆಗಸ್ಟ್ 11ನೇ ತಾರೀಕು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಕುಣಿತದ ಪಾರ್ಟಿ ಆಯ್ತು, ಅಲ್ಲಿಂದಲೇ ಶುರು ಅಂತ ಲೆಕ್ಕ ಹಾಕ್ತಾರೆ. ಅಲ್ಲಿ ರೆಕಾರ್ಡ್ ಹಾಕಿದ ಡಿಜೆ ಕೂಲ್ ಹರ್ಕ್ ಹುಟ್ಟಿದ್ದು ಜಮೈಕಾದಲ್ಲಿ. ನಮ್ಮ ಬೆಂಗಳೂರಲ್ಲೂ ಹಂಗೇ. ನೀಲಸಂದ್ರದ ಪಾಷಾ ಭಾಯ್ ದಖ್ಖನಿ ಉರ್ದುವಲ್ಲಿ ರ‍್ಯಾಪ್ ಮಾಡ್ತಾರೆ. 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿಂದ ಹೆಸರಾದ ಹನುಮಾನ್‌ಕೈಂಡ್ ಕೇರಳದಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿಗೆ ಬಂದು ಹಾಡಿದೋರು.

ನಿಮ್ಮ ಮಗ ಸೋತು ಕೂತಿದ್ದು ಎಲ್ಲಿ ಗೊತ್ತಾ? ಉಲ್ಲೇಖದ ಹತ್ರ. ಬರೆದಿದ್ದಕ್ಕೆಲ್ಲ ಪ್ರಕಟವಾದ, ನಂಬಬಹುದಾದ ಆಧಾರ ಕೊಡಬೇಕು. ತಂಡದೋರ ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲಿ ಎಷ್ಟು ಜನ ನೋಡಿದ್ರು ಅನ್ನೋ ಲೆಕ್ಕ ಸಾಲಲ್ಲ, ಹೊರಗಿನೋರು ಯಾರಾದ್ರೂ ಬರೆದಿರಬೇಕು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಎಲ್ಲರೂ ಸೇರಿ ಮಾತಾಡೋ ಪುಟಕ್ಕೆ ‘ಅರಳಿ ಕಟ್ಟೆ’ ಅಂತಲೇ ಹೆಸರಿಟ್ಟಿದಾರೆ. ಏನಾದ್ರೂ ಅನುಮಾನ ಬಂದ್ರೆ ಅಲ್ಲಿ ಕೇಳು, ತಿಳಿದೋರು ಹೇಳ್ತಾರೆ ಅಂದೆ. ಆದ್ರೆ ಪತ್ರಿಕೇಲಿ ಬರದೇ ಇದ್ದಿದ್ದನ್ನ ಅರಳಿ ಕಟ್ಟೆಯೋರು ತಾನೇ ಎಲ್ಲಿಂದ ತಂದಾರು?

ಬರೆದಿಟ್ಟಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಗುಬ್ಬಿ ಕಂಪನೀನೇ ನೋಡಿ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಅಂತ 1884ರಲ್ಲಿ ಶುರುವಾಯ್ತು. ಕನ್ನಡದ ಜೊತೆಗೆ ತೆಲುಗು, ತಮಿಳಲ್ಲೂ ನಾಟಕ ಆಡಿದ್ರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಬಿ.ವಿ. ಕಾರಂತ ಎಲ್ಲಾ ಆ ಕಂಪನೀಲಿ ಪಳಗಿದೋರು. ಇವತ್ತು ಅದರ ಬಗ್ಗೆ ಯಾರಾದ್ರೂ ಧೈರ್ಯವಾಗಿ ಬರೀಬಹುದು. ಯಾಕೆ? ಕಂಪನಿ ನಡೆಸಿದ ಗುಬ್ಬಿ ವೀರಣ್ಣನೋರ ಆತ್ಮಕಥೆ ‘ಕಲೆಯೇ ಕಾಯಕ’ ಇದೆ, ಆ ಕಾಲದ ಪತ್ರಿಕೆಗಳಿವೆ, ಕಂಡೋರು ಬರೆದಿಟ್ಟ ಪುಸ್ತಕಗಳಿವೆ.

ಈಗ ನಮ್ಮ ತುಮಕೂರಿನ ವಸಂತನರಸಾಪುರಕ್ಕೆ ಬನ್ನಿ. 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆಯ್ತು. ಫ್ಯಾಕ್ಟರಿ ಕೆಲಸಕ್ಕೆ ಅಂತ ಒಡಿಶಾ, ಬಿಹಾರದ ಹುಡುಗರೂ ಬಂದು ಬಾಡಿಗೆ ಮನೆ ಹಿಡಿದಿದಾರೆ. ಗಣೇಶನ ಪೆಂಡಾಲಲ್ಲಿ ನಮ್ಮ ಹುಡುಗರು ಕನ್ನಡದಲ್ಲಿ ಒಂದು ಸಾಲು ಹೇಳಿದ್ರೆ ಅವರು ಅವರ ಭಾಷೇಲಿ ಇನ್ನೊಂದು ಸಾಲು ಸೇರಿಸ್ತಾರೆ, ನೀವೂ ಕೇಳಿದೀರ. ಇವರ ಬಗ್ಗೇನೂ ವಿಕಿಪೀಡಿಯಕ್ಕೆ ಹಾಕ್ಲಾ ಅಂತ ನಿಮ್ಮ ಮಗ ಆಸೆಯಿಂದ ಕೇಳ್ದ. ಈಗಲೇ ಬೇಡ, ಹಾಕಿದ್ರೂ ಆಧಾರ ಇಲ್ಲ ಅಂತ ತೆಗೀತಾರೆ ಅಂದೆ.

ಆದ್ರೆ ಅಷ್ಟಕ್ಕೇ ಕೈಚೆಲ್ಲಬಾರದು ಅಕ್ಕ. ಮುಂದಿನ ಸಲ ಹುಡುಗರು ಮೈಕ್ ಹಿಡಿದಾಗ ಯಾರು ಹಾಡಿದ್ರು, ಯಾವ ಊರಿನೋರು, ಯಾವ ಭಾಷೆ, ಯಾವ ತಾರೀಕು ಅಂತ ಅವರನ್ನೇ ಕೇಳಿ ಬರ್ಕೊಳ್ಳಲಿ. ‘ಪ್ರಜಾಪ್ರಗತಿ’ಯಂಥ ನಮ್ಮ ತುಮಕೂರಿನ ಪತ್ರಿಕೆಯೋರಿಗೆ ತಿಳಿಸಲಿ, ಅವರು ಬಂದು ನೋಡಿ ಬರೀಲಿ. ವಿಶ್ವಕೋಶದ ಕೆಲಸ ಶುರುವಾಗೋದೇ ಅಲ್ಲಿಂದ. ನಮ್ಮೂರಿನ ಸುದ್ದೀನ ನಾವೇ ಬರೆದಿಡದೇ ಹೋದ್ರೆ ದೂರದಲ್ಲಿ ಕೂತೋರಿಗೆ ಇಲ್ಲಿ ಬರೀ ಕಾರ್ಖಾನೆ ಕಾಣುತ್ತೆ, ಹಾಡಿದ ಹುಡುಗರು ಕಾಣಲ್ಲ. ಅವನನ್ನ ಬೈಬೇಡಿ ಅಕ್ಕ, ಬರೀಲಿ ಬಿಡಿ.